ಬೆಟ್ಟ ಅಗೆಯುವ ಮೊದಲು ಹಳೆಯ ಬಾಗಿಲು ತಟ್ಟಿ

ವಿಜಯವಾಡ, ವಿಶಾಖಪಟ್ಟಣಗಳಿಗೆ ಪ್ರವಾಸ ಹೊರಡುವ ಕನ್ನಡಿಗರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರವಾಸಿ ಬಂಧುಗಳೇ,

ದಸರೆ ರಜೆ ಬಂದರೂ ಬೇಸಿಗೆ ರಜೆ ಬಂದರೂ ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ಸನ್ನೋ, ಹುಬ್ಬಳ್ಳಿ-ಬಳ್ಳಾರಿ ಕಡೆಯಿಂದ ಅಮರಾವತಿ ಎಕ್ಸ್‌ಪ್ರೆಸ್ಸನ್ನೋ ಹತ್ತಿ ಮಕ್ಕಳುಮರಿ ಸಮೇತ ಆಂಧ್ರದ ಕಡೆ ಹೊರಡುವವರು ನೀವು. ವಿಜಯವಾಡದಲ್ಲಿ ಕನಕದುರ್ಗೆ, ಪ್ರಕಾಶಂ ಬ್ಯಾರೇಜು, ಉಂಡವಲ್ಲಿ ಗುಹೆ. ವಿಶಾಖಪಟ್ಟಣದಲ್ಲಿ ಸಿಂಹಾಚಲ, ಕೈಲಾಸಗಿರಿ, ಸಬ್‌ಮರೀನು, ಒಂದು ದಿನ ಅರಕು ಮತ್ತು ಬೊರ್ರಾ ಗುಹೆ. ಏನೇನು ನೋಡಬೇಕು ಎಂಬ ಚರ್ಚೆ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಎಲ್ಲಿ ಉಳಿದುಕೊಳ್ಳಬೇಕು ಎಂಬುದು ಮಾತ್ರ ಕೊನೆಯ ಗಳಿಗೆಯಲ್ಲಿ ನಾಲ್ಕು ಪ್ರಶ್ನೆಗಳಲ್ಲಿ ಮುಗಿಯುತ್ತದೆ: ಬಾಡಿಗೆ ಎಷ್ಟು, ಎ.ಸಿ. ಇದೆಯೇ, ಬಿಸಿನೀರು ಬರುತ್ತದೆಯೇ, ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ. ಈ ಪತ್ರ ಐದನೆಯ ಪ್ರಶ್ನೆಯೊಂದನ್ನು ಕೇಳಿ ಎಂದು ಬೇಡಿಕೊಳ್ಳುವುದಕ್ಕೆ. ಆ ಕೋಣೆ ಕಟ್ಟುವುದಕ್ಕೆ ಏನನ್ನು ಅಗೆದರು? ಚೆಲುವಾದ ಜಾಗದ ಮಗ್ಗುಲಲ್ಲೇ ಒಂದು ರಾತ್ರಿ ಕಳೆಯಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಆಸೆಯನ್ನು ತೀರಿಸುವ ಮೊದಲ ಹಕ್ಕು ಅಲ್ಲಿ ಆಗಲೇ ನಿಂತಿರುವ ಹಳೆಯ ಮನೆಗಿರಬೇಕು, ಹೊಸ ಕಾಂಕ್ರೀಟಿಗಲ್ಲ. ವಿಶಾಖಪಟ್ಟಣದ ಉತ್ತರಕ್ಕೆ ಕಡಲ ಪಕ್ಕದಲ್ಲೇ ಸಾಗುವ ಒಂದೇ ರಸ್ತೆ ಈ ಮಾತಿನ ಎರಡು ಮುಖವನ್ನೂ ತೋರಿಸುತ್ತದೆ.

ಮೊದಲ ಮುಖ ಋಷಿಕೊಂಡ. ಕೆಳಗಿನ ಮರಳು ದಂಡೆಗೆ 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತ್ತು. ಮೇಲಿನ ಗುಡ್ಡದಲ್ಲಿ ಆಂಧ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹರಿತಾ ರೆಸಾರ್ಟ್ ಇತ್ತು. ನಮ್ಮ ಕೆ.ಎಸ್.ಟಿ.ಡಿ.ಸಿ.ಯ ಮಯೂರ ಹೋಟೆಲುಗಳ ಜಾತಿಯದೇ ಎನ್ನಿ. ದೊಡ್ಡ ಶೋಕಿಯೇನಲ್ಲ, ಮಧ್ಯಮ ವರ್ಗದ ಸಂಸಾರ ಕಿಟಕಿ ತೆರೆದು ಬಂಗಾಳ ಕೊಲ್ಲಿಯನ್ನು ನೋಡಬಹುದಾದ ಸರ್ಕಾರಿ ಕೋಣೆಗಳು. ‘ರೆಸಾರ್ಟಿನ ಮರುಅಭಿವೃದ್ಧಿ’ ಎಂಬ ಹೆಸರಿನಲ್ಲಿ 2021ರಲ್ಲಿ ಕರಾವಳಿ ನಿಯಂತ್ರಣ ವಲಯದ ಅನುಮತಿ ಪಡೆದು ಅದನ್ನು ಕೆಡವಿದರು. ಗುಡ್ಡದ ಒಟ್ಟು ವಿಸ್ತೀರ್ಣ 61 ಎಕರೆ, ಅನುಮತಿ ಸಿಕ್ಕಿದ್ದು 9.88 ಎಕರೆಗೆ. ಹಸಿರು ಗುಡ್ಡ ಬೋಳಾಗಿ ಕೆಂಪು ಮಣ್ಣು ಕಂಡಾಗ ದೂರುಗಳು ಹೋದವು. 2022ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆಲಸ ನಿಲ್ಲಿಸಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟು ವಿಷಯವನ್ನು ಹೈಕೋರ್ಟಿಗೆ ಬಿಟ್ಟು, ಹಳೆಯ ಕಟ್ಟಡವಿದ್ದ ಜಾಗದಲ್ಲಿ ಮಾತ್ರ ಕಟ್ಟಬಹುದು ಎಂದಿತು. ಅನುಮತಿಯ ಗಡಿ ಮೀರಿ ಗುಡ್ಡವನ್ನು ಅಗೆಯಲಾಗಿದೆ ಎಂಬ ವರದಿ ಆಮೇಲೆ ಹೈಕೋರ್ಟಿನ ಮುಂದೆ ಬಂತು. ಅಷ್ಟಾದರೂ ಕಟ್ಟಡಗಳು ಎದ್ದವು, 400 ಕೋಟಿ ರೂಪಾಯಿ ಮೀರಿದ ಖರ್ಚಿನಲ್ಲಿ, ವೆಂಗಿ, ಕಳಿಂಗ, ಗಜಪತಿ, ವಿಜಯನಗರ ಎಂಬ ರಾಜಗಾಂಭೀರ್ಯದ ಹೆಸರು ಹೊತ್ತು. ಉದ್ಘಾಟನೆಯಾದದ್ದು 2024ರ ಫೆಬ್ರುವರಿಯ ಕೊನೆಯಲ್ಲಿ. ಅದು ಅಂದಿನ ಮುಖ್ಯಮಂತ್ರಿಯ ವಾಸಕ್ಕೆಂದೇ ಕಟ್ಟಿದ್ದು ಎಂಬ ಆರೋಪ, ಅಲ್ಲ ಎಂಬ ಸಮಜಾಯಿಷಿ, ಆ ವರ್ಷದ ಚುನಾವಣೆ, ಸರ್ಕಾರದ ಬದಲಾವಣೆ, ಇವೆಲ್ಲ ನೀವು ಪತ್ರಿಕೆಗಳಲ್ಲಿ ಓದಿದ್ದೇ. ಈಗ ಆ ಖಾಲಿ ಮಹಲುಗಳನ್ನು ಏನು ಮಾಡುವುದು ಎಂದು ಹೊಸ ಸರ್ಕಾರ ತಲೆ ಕೆರೆದುಕೊಳ್ಳುತ್ತಿರುವಾಗ ಮತ್ತೆ ಮತ್ತೆ ಕೇಳಿಬರುವ ಉತ್ತರ ಯಾವುದು ಗೊತ್ತೇ? ಹೋಟೆಲು ಮಾಡೋಣ! ಇದ್ದ ಹೋಟೆಲನ್ನು ಕೆಡವಿ, ಗುಡ್ಡ ಕಡಿದು, ನಾಲ್ಕು ವರ್ಷ ಕೋರ್ಟು ಸುತ್ತಿ, ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುವುದು. ರಾಜಕೀಯದ ತಪ್ಪೊಪ್ಪುಗಳನ್ನು ಆಂಧ್ರದ ಮತದಾರರು ನೋಡಿಕೊಳ್ಳುತ್ತಾರೆ. ಪ್ರವಾಸಿಗರಾದ ನಮಗೆ ಸಂಬಂಧಿಸಿದ್ದು ಇಷ್ಟು: ಇದ್ದ ಕಟ್ಟಡವನ್ನು ಸರಿಪಡಿಸಿಕೊಂಡಿದ್ದರೆ ಕೋಣೆಗಳೂ ಉಳಿಯುತ್ತಿದ್ದವು, ಗುಡ್ಡವೂ ಉಳಿಯುತ್ತಿತ್ತು.

ಎರಡನೆಯ ಮುಖ ನೋಡಬೇಕಾದರೆ ಅದೇ ರಸ್ತೆಯಲ್ಲಿ ಇನ್ನಷ್ಟು ಉತ್ತರಕ್ಕೆ ಹೋಗಬೇಕು. ದಾರಿಯಲ್ಲಿ ತೊಟ್ಲಕೊಂಡ ಸಿಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳು ಸಮುದ್ರ ಕಾಣುವ ಈ ಗುಡ್ಡದ ನೆತ್ತಿಯಲ್ಲೇ ವಾಸಕ್ಕೆ ಸಾಲು ಕೋಣೆಗಳನ್ನು ಕಟ್ಟಿಕೊಂಡಿದ್ದರು. ನೀರಿಗಾಗಿ ಬಂಡೆಯಲ್ಲೇ ತೊಟ್ಟಿಗಳನ್ನು ಕೊರೆದರು. ಗುಡ್ಡಕ್ಕೆ ಹೆಸರು ಬಂದದ್ದೇ ಆ ತೊಟ್ಟಿಗಳಿಂದ. ಮಳೆನೀರು ಇಂದಿಗೂ ಅವುಗಳಲ್ಲಿ ನಿಲ್ಲುತ್ತದೆ. ಮುಂದೆ ಎರ್ರ ಮಟ್ಟಿ ದಿಬ್ಬಲು, ಅಂದರೆ ಕೆಂಪು ಮಣ್ಣಿನ ದಿಬ್ಬಗಳು. ಸಾವಿರಾರು ವರ್ಷ ಗಾಳಿ, ನೀರು ಮತ್ತು ಕಡಲಿನ ಏರಿಳಿತ ಸೇರಿ ಒಟ್ಟಿದ ಈ ಮರಳಿನಂಥದ್ದು ತಮಿಳುನಾಡಿನ ತೇರಿ ಭೂಮಿ ಮತ್ತು ಶ್ರೀಲಂಕಾದ ಕರಾವಳಿ ಬಿಟ್ಟರೆ ನಮ್ಮ ಈ ಕಡೆ ಬೇರೆಲ್ಲೂ ಇಲ್ಲ. 2014ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ಭೂಪರಂಪರೆಯ ತಾಣವೆಂದು ಗುರುತಿಸಿತು. ಹತ್ತಿರ ಹೋಗಿ ನೋಡಿದರೆ ಇದು ಕಲ್ಲಲ್ಲ. ಉಗುರಿನಿಂದ ಕೆರೆದರೆ ಉದುರುವ ಗೋಡೆಗಳು, ಮಳೆ ಕೊರೆದ ಸಂದುಗಳು, ನಡುನಡುವೆ ಬೇರು ಕಚ್ಚಿ ನಿಂತ ಗಿಡಗಳು. ಒಂದು ಜೆ.ಸಿ.ಬಿ.ಗೆ ಅರ್ಧ ದಿನದ ಕೆಲಸ. 2024ರ ಜುಲೈಯಲ್ಲಿ ದಿಬ್ಬಗಳ ಮಗ್ಗುಲಲ್ಲಿ ನಿವೇಶನಕ್ಕೆಂದು ಯಂತ್ರಗಳು ಮಣ್ಣು ಸರಿಸಿದಾಗ ಊರಿನಲ್ಲಿ ಗದ್ದಲವಾದದ್ದು ಸುಮ್ಮನೆ ಅಲ್ಲ. ಇವನ್ನೆಲ್ಲ ದಾಟಿದರೆ ಭೀಮುನಿಪಟ್ಣಂ, ಜನರ ಬಾಯಲ್ಲಿ ಭೀಮಿಲಿ. ಬೊರ್ರಾ ಗುಹೆಗಳನ್ನು ಕೊರೆದ ಗೋಸ್ತನಿ ನದಿ ಸಮುದ್ರ ಸೇರುವುದು ಇಲ್ಲಿ. ನೀವು ಬೆಳಗ್ಗೆ ಅನಂತಗಿರಿಯ ಸುಣ್ಣದಕಲ್ಲಿನ ಹೊಟ್ಟೆಯಲ್ಲಿ ನೋಡಿದ ನೀರಿನ ಕೊನೆ ಇಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಇಲ್ಲಿ ಕೋಠಿ ಹಾಕಿದರು, 1825ರಲ್ಲಿ ಊರು ಇಂಗ್ಲಿಷರ ಕೈಗೆ ಬಂತು, 1861ರಲ್ಲೇ ಪುರಸಭೆಯಾಯಿತು. ಡಚ್ಚರ ಗೋರಿಗಳು, ಗಡಿಯಾರದ ಗೋಪುರ, ಹಳೆಯ ದೀಪಸ್ತಂಭ, ಮರಗಳ ನೆರಳಲ್ಲಿ ದಪ್ಪ ಗೋಡೆಯ ಬಂಗಲೆಗಳು ಅಲ್ಲಿ ಈಗಲೂ ಇವೆ. ಕೆಲವು ಸರ್ಕಾರದ ಸುಪರ್ದಿನಲ್ಲಿ, ಕೆಲವು ಖಾಸಗಿಯವರಲ್ಲಿ, ಕೆಲವು ಬರೀ ಗೋಡೆಯಾಗಿ. ಕೋಣೆಗಳು ಬೇಕಾಗಿದ್ದ ಊರಿನಲ್ಲಿ ಗುಡ್ಡ ಕಡಿದರು, ಮನೆಗಳು ಖಾಲಿ ಬಿದ್ದ ಊರಿನಲ್ಲಿ ಕಣ್ಣು ಮುಚ್ಚಿದರು.

ಹಳೆಯ ಮನೆಯನ್ನು ತಂಗುದಾಣ ಮಾಡುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಬಂದರೆ ಉಳಿಯಲಿ ಎಂದು ಚಾಮುಂಡಿ ಬೆಟ್ಟದ ದಿಕ್ಕಿಗೆ ಲಲಿತಮಹಲ್ ಕಟ್ಟಿಸಿದರು. 1974ರಲ್ಲಿ ಅದು ಹೋಟೆಲಾಯಿತು. ಕಾರಾಪುರದಲ್ಲಿ ಮಹಾರಾಜರು ಬೇಟೆಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಬಂಗಲೆ ಇಂದು ಜಂಗಲ್ ಲಾಡ್ಜಸ್‌ನ ಕಬಿನಿ ರಿವರ್ ಲಾಡ್ಜ್. 1980ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಹೊಸ ಕಾಡು ಕಡಿಯದೆ ಕೋಣೆಗಳಿಗೆ ಜಾಗ ಸಿಕ್ಕಿತೆಂದರೆ ಕಾರಣ ಆ ಹಳೆಯ ಕಟ್ಟಡಗಳು ನಿಂತಿದ್ದವು ಎಂಬುದೇ. ಖೆಡ್ಡಾಗಳಲ್ಲಿ ಆನೆ ಹಿಡಿಯುವುದನ್ನು ನೋಡಲು ದೊರೆಗಳು ಬಂದು ಇಳಿಯುತ್ತಿದ್ದ ಮನೆಯಲ್ಲೇ ಈಗ ಆನೆಯನ್ನು ದೂರದಿಂದ ನೋಡಿ ತೃಪ್ತಿಪಡುವವರು ಮಲಗುತ್ತಾರೆ. ಕಟ್ಟಡ ಬದಲಾಗಲಿಲ್ಲ, ಅದರ ಕೆಲಸ ಬದಲಾಯಿತು. ನಂದಿ ಬೆಟ್ಟದಲ್ಲಿ ಮಾರ್ಕ್ ಕಬ್ಬನ್‌ನ ಬೇಸಿಗೆ ಬಂಗಲೆ ಗಾಂಧೀಜಿಯವರು ಆರೋಗ್ಯ ಸುಧಾರಿಸಿಕೊಂಡ ಮನೆಯಾಯಿತು, ಅಂಥ ಹಳೆಯ ಬಂಗಲೆಗಳ ಆಸುಪಾಸಿನಲ್ಲೇ ತೋಟಗಾರಿಕೆ ಇಲಾಖೆ ಅತಿಥಿಗೃಹ ನಡೆಸುತ್ತ ಬಂತು. ಹಾಗೆಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವುದು ಬೇಡ. ಜೋಗದ ತುದಿಯಲ್ಲಿ ಪಂಚತಾರಾ ಹೋಟೆಲು, ರೋಪ್‌ವೇ ಬೇಕೇ ಎಂಬ ಜಗಳ ನಮ್ಮಲ್ಲೂ ಇದೆ. ಭೀಮಿಲಿಗೆ ಹೆಚ್ಚು ಹೊಂದುವ ಮಾದರಿ ತಮಿಳುನಾಡಿನ ತರಂಗಂಬಾಡಿಯದು. 1620ರಲ್ಲಿ ಡೇನರು ನೆಲೆಯೂರಿ 1845ರಲ್ಲಿ ಇಂಗ್ಲಿಷರಿಗೆ ಮಾರಿದ ಕಡಲತಡಿಯ ಊರು ಅದು. ಅಲ್ಲಿ ಕೋಟೆಯ ಎದುರಿನ ಹಳೆಯ ಬಂಗಲೆಯೊಂದನ್ನು ನೀಮ್ರಾಣಾ ಹೋಟೆಲ್ ಕಂಪನಿಯವರು ಹೋಟೆಲು ಮಾಡಿದರು, ಸುನಾಮಿಯ ನಂತರ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಬೀದಿಯ ಹಳೆಯ ಮನೆಗಳನ್ನು ಒಂದೊಂದಾಗಿ ದುರಸ್ತಿ ಮಾಡಿತು. ಹೆಂಚು ಹೊದಿಸುವ ಕೆಲಸಗಾರನಿಗೂ ಗಾರೆಯವನಿಗೂ ಊರಲ್ಲೇ ಕೆಲಸ ಸಿಕ್ಕಿತು. ಭೀಮಿಲಿಯಂತೆಯೇ ಚಿಕ್ಕ ಊರು, ಅಂಥದೇ ಉಪ್ಪು ಗಾಳಿ.

ಉಪ್ಪು ಗಾಳಿ ಎಂದೊಡನೆ ನಿಮ್ಮ ಮೊದಲ ಆಕ್ಷೇಪ ಕೇಳಿಸುತ್ತದೆ. ಹಳೆಯ ಕಟ್ಟಡ ಎಂದರೆ ಸೋರುವ ಮಾಡು, ಹಲ್ಲಿ, ತುಕ್ಕು ಹಿಡಿದ ನಲ್ಲಿ, ರಾತ್ರಿ ಕಿರುಗುಟ್ಟುವ ಬಾಗಿಲು. ವಯಸ್ಸಾದ ತಾಯಿಯನ್ನು ಕರೆದುಕೊಂಡು ಅಲ್ಲಿ ಹೇಗೆ ಇರುವುದು? ನ್ಯಾಯವಾದ ಪ್ರಶ್ನೆ. ಆದರೆ ಕಡಲತೀರದಲ್ಲಿ ಯಾವ ಕಟ್ಟಡಕ್ಕೆ ಆಯಸ್ಸು ಹೆಚ್ಚು ಎಂದು ಸ್ವಲ್ಪ ಯೋಚಿಸಿ. ಇಂದಿನ ಕಾಂಕ್ರೀಟಿನ ಜೀವ ಒಳಗಿನ ಕಬ್ಬಿಣದ ಸರಳಿನಲ್ಲಿದೆ. ಗಾಳಿಯಲ್ಲಿ ಬರುವ ಉಪ್ಪು ಸಿಮೆಂಟಿನ ಸಣ್ಣ ರಂಧ್ರಗಳಿಂದ ಒಳಗಿಳಿದು ಸರಳನ್ನು ತುಕ್ಕಾಗಿಸುತ್ತದೆ, ತುಕ್ಕು ಊದಿಕೊಂಡು ಸಿಮೆಂಟನ್ನೇ ಒಡೆಯುತ್ತದೆ. ಕಡಲ ದಂಡೆಯ ಹಳೆಯ ಅಪಾರ್ಟ್‌ಮೆಂಟುಗಳ ಬಾಲ್ಕನಿಯ ಅಡಿಭಾಗ ನೋಡಿದರೆ ಸಾಕು, ಸರಳು ಹಲ್ಲು ಕಿರಿದಿರುತ್ತದೆ. ಇಟ್ಟಿಗೆ, ಸುಣ್ಣದ ಗಾರೆ, ತೇಗದ ತೊಲೆಯ ಮನೆಯಲ್ಲಿ ತುಕ್ಕು ಹಿಡಿಯಲು ಕಬ್ಬಿಣವೇ ಕಡಿಮೆ, ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಕ್ಕೆ ಬಿಡುತ್ತದೆ. ಇನ್ನೂರು ವರ್ಷ ನಿಂತದ್ದು ಅದಕ್ಕೇ. ಅದು ಹಾಳಾಗುವುದು ಬಹುಮಟ್ಟಿಗೆ ಮಾಡು ಸರಿಪಡಿಸದೆ ಬಿಟ್ಟಾಗ. ಮಾಡು ಸರಿಪಡಿಸಲು ಪ್ರತಿ ವರ್ಷ ಹಣ ಬೇಕು, ಕೋಣೆಯ ಬಾಡಿಗೆ ಎಂಬುದು ಆ ಹಣದ ಒಂದು ನಂಬಿಕಸ್ಥ ಮೂಲ. ನಲ್ಲಿ, ಬಿಸಿನೀರು, ತಾಯಿಗೆ ಹಿಡಿದುಕೊಳ್ಳಲು ಕಂಬಿ ಹಾಕಿದ ಬಚ್ಚಲು, ಇವೆಲ್ಲ ಯಾವ ಹಳೆಯ ಮನೆಗೂ ಹಾಕಬಹುದಾದದ್ದೇ. ಹಲ್ಲಿಯ ವಿಚಾರದಲ್ಲಿ ಹೊಸ ಹೋಟೆಲುಗಳೂ ಅಂಥ ಭರವಸೆ ಕೊಟ್ಟಂತಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಹೋಟೆಲು ಎಂಬುದು ಯಾವ ಗೋಡೆಯೊಳಗಿದ್ದರೂ ಜನರನ್ನು ಎಳೆಯುತ್ತದೆ. ಭೀಮಿಲಿಯ ಬಂಗಲೆ ಹೆಸರುವಾಸಿಯಾದರೆ ಮರುವರ್ಷ ದಿಬ್ಬಗಳ ಮೇಲೆ ಫೋಟೋ ತೆಗೆಸಿಕೊಳ್ಳುವವರ ಸಾಲು ಬೆಳೆಯುತ್ತದೆ, ಮರಳು ಕಾಲ್ತುಳಿತಕ್ಕೆ ಕುಸಿಯುತ್ತದೆ. ನಂದಿ ಬೆಟ್ಟದ ಭಾನುವಾರದ ಬೆಳಗಿನ ಕಾರುಗಳ ಸಾಲು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಪ್ಪುತ್ತೇನೆ. ಆದರೆ ಹಳೆಯ ಮನೆಗೆ ಹೊಸ ರೆಸಾರ್ಟಿಗಿಲ್ಲದ ಒಂದು ಗುಣವಿದೆ, ಅದು ಹಿಗ್ಗುವುದಿಲ್ಲ. ಎಂಟು ಕೋಣೆಯ ಬಂಗಲೆಯ ಗೋಡೆಗಳ ನಡುವೆ ಎಂಬತ್ತು ಕೋಣೆ ಹುಟ್ಟಲು ಸಾಧ್ಯವಿಲ್ಲ. ಖಾಲಿ ಗುಡ್ಡದ ಮೇಲಿನ ಯೋಜನೆಗಾದರೋ ಮಿತಿ ಇರುವುದು ಕಾಗದದಲ್ಲಿ. ಕಾಗದದ ಮಿತಿ ಎಷ್ಟು ಬಾಳುತ್ತದೆ ಎಂಬುದಕ್ಕೆ ಆ 9.88 ಎಕರೆಯೇ ಸಾಕ್ಷಿ. ಇಲ್ಲೊಂದು ಕಳ್ಳದಾರಿ ಇದೆ, ಎಚ್ಚರವಿರಲಿ: ಮುಂದೆ ಹಳೆಯ ಬಂಗಲೆಯನ್ನು ಮುಖವಾಡದಂತೆ ಇಟ್ಟು ಹಿಂದಿನ ತೋಟದಲ್ಲಿ ಸಾಲು ಕಾಟೇಜು, ಈಜುಕೊಳ, ಮದುವೆಯ ಹುಲ್ಲುಹಾಸು. ಜಾಹೀರಾತಿನಲ್ಲಿ ಬಂಗಲೆಯ ಚಿತ್ರ, ಮಲಗುವುದು ಕಾಟೇಜಿನಲ್ಲಿ. ಅಂಥದ್ದಕ್ಕೆ ಪಾರಂಪರಿಕ ಹೋಟೆಲು ಎನ್ನುವುದು ಮಾತಿನ ದುಂದು.

ಮೂರನೆಯದು ಹಣದ ಮಾತು. ಅರಮನೆ ಹೋಟೆಲುಗಳಲ್ಲಿ ಒಂದು ರಾತ್ರಿಯ ಬಾಡಿಗೆ ನಮ್ಮಲ್ಲಿ ಅನೇಕರ ಇಡೀ ಪ್ರವಾಸದ ಖರ್ಚು. ಸಾರ್ವಜನಿಕರ ಹಳೆಯ ಕಟ್ಟಡವನ್ನು ಹೋಟೆಲಿಗೆ ಕೊಟ್ಟರೆ ಊರಿನವನು ತನ್ನ ಊರಿನ ಗೇಟಿನಲ್ಲೇ ಸೆಕ್ಯುರಿಟಿಯವನಿಂದ ‘ಎಲ್ಲಿಗೆ ಸಾರ್?’ ಎಂದು ಕೇಳಿಸಿಕೊಳ್ಳಬೇಕಾಗುತ್ತದೆ. ಇದು ಕಲ್ಪನೆಯ ಭಯವಲ್ಲ, ಆದ್ದರಿಂದ ಶರತ್ತು ಬೇಕು. ಸ್ಪೇನ್ ದೇಶ 1928ರಿಂದ ‘ಪಾರಡೋರ್’ ಎಂಬ ಸರ್ಕಾರಿ ಹೋಟೆಲುಗಳನ್ನು ನಡೆಸುತ್ತಿದೆ, ಅವುಗಳಲ್ಲಿ ಅನೇಕವು ಹಳೆಯ ಕೋಟೆ, ಮಠಗಳು, ಒಡೆತನ ಸರ್ಕಾರದ ಕೈಯಲ್ಲೇ ಇದೆ. ನಮ್ಮಲ್ಲೂ ನಿಗಮಗಳಿವೆ, ಹರಿತಾ ಆಗಲಿ ಮಯೂರ ಆಗಲಿ. ಖಾಸಗಿಯವರಿಗೆ ಗುತ್ತಿಗೆ ಕೊಟ್ಟರೂ ಜಗಲಿ ಮತ್ತು ತೋಟ ಊರಿನವರಿಗೆ ತೆರೆದಿರಬೇಕು, ಹಾಲ್‌ನಲ್ಲಿ ಒಂದು ಲೋಟ ಕಾಫಿ ಕುಡಿದು ಹೊರಡುವ ಹಕ್ಕು ದಾರಿಹೋಕನಿಗೂ ಇರಬೇಕು. ಗೋಡೆಯ ಮೇಲೆ ಆ ಮನೆಯ ಪೂರ್ತಿ ಕಥೆಯೂ ಇರಬೇಕು. ಕೋರಮಂಡಲ ತೀರದಿಂದ ಡಚ್ಚರು ಬಟ್ಟೆಯನ್ನಷ್ಟೇ ಸಾಗಿಸಲಿಲ್ಲ, ಬರಗಾಲದ ವರ್ಷಗಳಲ್ಲಿ ಹಸಿದ ಮನುಷ್ಯರನ್ನು ಗುಲಾಮರಾಗಿ ಹಡಗು ಹತ್ತಿಸಿದರು. ‘ಪರದೇಶಿಯರ ಮನೆಯನ್ನು ನಾವೇಕೆ ಕಾಪಾಡಬೇಕು’ ಎನ್ನುವವರಿಗೆ ನನ್ನ ಉತ್ತರವೂ ಇದೇ: ಕೆಡವಿದರೆ ಆ ಕಥೆ ಹೇಳಲು ಒಂದು ಗೋಡೆಯೂ ಉಳಿಯುವುದಿಲ್ಲ. ಅದೂ ಅಲ್ಲದೆ ಆ ಗೋಡೆಗೆ ಸುಣ್ಣ ಅರೆದವರು, ತೊಲೆ ಹೊತ್ತವರು ತೆಲುಗರೇ.

ಎಲ್ಲ ಹಳೆಯ ಕಟ್ಟಡವೂ ಹೋಟೆಲಾಗಲಿ ಎಂದು ನಾನು ಹೇಳುತ್ತಿಲ್ಲ. ವಿಜಯವಾಡ ಈ ವಿವೇಕಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 1887ರಲ್ಲಿ ಶಂಕುಸ್ಥಾಪನೆಯಾದ ವಿಕ್ಟೋರಿಯಾ ಜುಬಿಲಿ ಕಟ್ಟಡ ವಸ್ತುಸಂಗ್ರಹಾಲಯವಾಗಿ, ಈಗ ಬಾಪು ಮ್ಯೂಸಿಯಂ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿದೆ. ಪಿಂಗಳಿ ವೆಂಕಯ್ಯನವರು 1921ರಲ್ಲಿ ಗಾಂಧೀಜಿಗೆ ಧ್ವಜದ ವಿನ್ಯಾಸ ಒಪ್ಪಿಸಿದ ಊರಿನಲ್ಲಿ ಅಂಥ ಮನೆಗೆ ಅದೇ ಸರಿಯಾದ ಕೆಲಸ. ಕೃಷ್ಣದೇವರಾಯ ಗಜಪತಿಗಳಿಂದ ಗೆದ್ದ ಕೊಂಡಪಲ್ಲಿ ಕೋಟೆಯೂ ಹಾಗೆಯೇ. ಕಾಡಿನ ನಡುವಿನ ಆ ಕೋಟೆಯಲ್ಲಿ ರಾತ್ರಿ ಯಾರೂ ಮಲಗದಿದ್ದರೆ ಕಾಡಿಗೂ ಕೋಟೆಗೂ ಒಳ್ಳೆಯದು. ಹಗಲು ನೋಡಿ, ಕೆಳಗಿನ ಊರಿನಲ್ಲಿ ಪೊಣಿಕಿ ಮರದ ಗೊಂಬೆ ಕೊಂಡು, ನಗರಕ್ಕೆ ಮರಳಿ. ಭವಾನಿ ದ್ವೀಪದ ವಿಚಾರ ಬೇರೆ. ಬ್ಯಾರೇಜಿನ ಮೇಲ್ಗಡೆ ಕೃಷ್ಣೆಯ ನಡುವೆ ಇರುವ 133 ಎಕರೆಯ ಈ ದ್ವೀಪದಲ್ಲಿ ರೆಸಾರ್ಟ್ ಇದೆ, ದೋಣಿಯಲ್ಲಿ ಹೋಗಬೇಕು, ಚೆಂದವೂ ಹೌದು. ಆದರೆ 2024ರ ಸೆಪ್ಟೆಂಬರ್ ಮೊದಲ ವಾರ ಪ್ರಕಾಶಂ ಬ್ಯಾರೇಜಿನಿಂದ ಹರಿದ ನೀರು 11 ಲಕ್ಷ 43 ಸಾವಿರ ಕ್ಯೂಸೆಕ್, ಅದರ ಚರಿತ್ರೆಯಲ್ಲೇ ದಾಖಲೆ. ನದಿಯ ಹೊಟ್ಟೆಯಲ್ಲಿ ಕೋಣೆ ಕಟ್ಟಿದರೆ ನದಿ ಒಂದಲ್ಲ ಒಂದು ದಿನ ಬಂದು ನೋಡಿಕೊಂಡು ಹೋಗುತ್ತದೆ. ಆಲಮಟ್ಟಿಯ ಗೇಟು ಎತ್ತಿದ ಸುದ್ದಿ ಓದುವ ನಮಗೆ ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿರಬೇಕಲ್ಲವೇ? ಹಳೆಯ ಊರುಗಳವರು ಮನೆಯನ್ನು ದಡದ ಎತ್ತರದಲ್ಲಿ ಕಟ್ಟುತ್ತಿದ್ದರು. ಹಳೆಯ ಕಟ್ಟಡ ಇಂದಿಗೂ ನಿಂತಿದೆ ಎಂದರೆ ಜಾಗದ ಆಯ್ಕೆ ಸರಿಯಿತ್ತು ಎಂಬುದಕ್ಕೆ ಅದೇ ಅರ್ಧ ಪ್ರಮಾಣಪತ್ರ.

ಕೊನೆಯ ಪ್ರಶ್ನೆ ಉಳಿಯಿತು. ಋಷಿಕೊಂಡದ ಮಹಲುಗಳು ನಾಳೆ ನಿಜಕ್ಕೂ ಹೋಟೆಲಾದರೆ ಅಲ್ಲಿ ಉಳಿಯಬೇಕೇ, ಬೇಡವೇ? ಕಟ್ಟಿ ಆಗಿದೆ, ಕೆಡವಿದರೆ ಗುಡ್ಡ ಮರಳಿ ಬರುವುದಿಲ್ಲ, ಖಾಲಿ ಬಿಟ್ಟರೆ ಸಾರ್ವಜನಿಕರ ಹಣ ಉಪ್ಪು ಗಾಳಿಗೆ ಕರಗುತ್ತದೆ. ಆದ್ದರಿಂದ ಹೋಗಬೇಡಿ ಎನ್ನಲಾರೆ. ಆದರೆ ಬಾಡಿಗೆಯಲ್ಲಿ ಒಂದು ಪಾಲು ಬೋಳಾದ ಇಳಿಜಾರಿನಲ್ಲಿ ಗಿಡ ಬೆಳೆಸುವುದಕ್ಕೆ ಹೋಗುತ್ತದೆಯೇ, ಹಿಂದೆ ಹರಿತಾದಲ್ಲಿ ಇಳಿಯುತ್ತಿದ್ದವರ ಕೈಗೆಟಕುವ ಕೋಣೆ ನಾಲ್ಕಾದರೂ ಇವೆಯೇ, ಸಮುದ್ರ ಕಾಣುವ ಆ ಅಂಗಳ ಕೆಳಗಿನ ಮರಳಲ್ಲಿ ಜೋಳ ಸುಡುವವನಿಗೂ ತೆರೆದಿದೆಯೇ ಎಂದು ಕೇಳಿ. ಇಲ್ಲ ಎಂದರೆ ಆ ಹಣವನ್ನು ಪಟ್ಟಣದ ಯಾವುದಾದರೂ ಸಾಧಾರಣ ಲಾಡ್ಜಿಗೆ ಕೊಡಿ.

ಭೀಮಿಲಿಗೆ ಹೋಗಿ. ಇಂದಿಗೆ ಬಂಗಲೆಯಲ್ಲಿ ಕೋಣೆ ಕೇಳಿದರೆ ಸಿಗುವುದು ಕಷ್ಟ, ಆದರೂ ಕೇಳಿ. ಪ್ಯಾಕೇಜ್ ಟೂರಿನ ಏಜೆಂಟರನ್ನು ಕೇಳಿ, ಆಂಧ್ರ ಪ್ರವಾಸೋದ್ಯಮದ ಬುಕಿಂಗ್ ಕೌಂಟರಿನಲ್ಲಿ ಕೇಳಿ, ‘ಅನಿಸಿಕೆ’ ಬರೆಯಲು ಕೊಡುವ ಆ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದು ಬನ್ನಿ. ಯಾವ ಕೋಣೆಗೆ ಗಿರಾಕಿ ಇದ್ದಾನೆ ಎಂದು ಲೆಕ್ಕ ಹಾಕುವ ಇಲಾಖೆಗೆ ಈವರೆಗೆ ಸಿಕ್ಕಿರುವ ಲೆಕ್ಕವೆಲ್ಲ ಹೊಸ ಕೋಣೆಗಳದು. ಕೋಣೆ ಸಿಗುವವರೆಗೆ ಸಂಜೆಯ ಸಿಟಿ ಬಸ್ಸು ಹಿಡಿದು ವಿಶಾಖಪಟ್ಟಣಕ್ಕೆ ವಾಪಸು ಬನ್ನಿ, ದೂರ 25 ಕಿಲೋಮೀಟರು ಮಾತ್ರ.

ಇಂತಿ,
ನಿಮ್ಮ ಸಹಪ್ರವಾಸಿ